ಹಕ್ಕುಪತ್ರ ಕೇಳಿದರೆ ಎಷ್ಟು ವೋಟಿದೆ ಅಂತ ಕೇಳ್ತಾರೆ

"ನಿಮ್ಮೂರಲ್ಲಿ ಎಷ್ಟು ವೋಟಿದೆಯಮ್ಮಾ?"

ಇದು ಉತ್ತರವಾ? ಯಾರಾದ್ರೂ ಹೇಳಿ. ನಾನು ಕೇಳಿದ್ದು ಡಿನೋಟಿಫಿಕೇಷನ್ ಬಗ್ಗೆ, ಅಂದರೆ ನಮ್ಮ ಜಮೀನನ್ನು ಅರಣ್ಯದ ಪಟ್ಟಿಯಿಂದ ಬಿಡಿಸಿ ಹಕ್ಕುಪತ್ರ ಕೊಡೋದರ ಬಗ್ಗೆ. ಸರ್ವೆ ನಂಬರ್ ಹೇಳಿ ಕೇಳಿದ್ದೆ. ಅದಕ್ಕೆ ಸಿಕ್ಕ ಉತ್ತರ ಇದು. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ, ಒಂದು ಕೆಲಸಕ್ಕೂ ಕೈ ಹೋಗಲಿಲ್ಲ, ತಲೆ ತುಂಬ ಅದೇ ಮಾತು.

ಹಾಗೆ ಕೇಳಿದವರ ಹೆಸರು ಬರೆಯಲ್ಲ. ಯಾವ ಪಕ್ಷ ಅಂತಲೂ ಬರೆಯಲ್ಲ. ಬರೆದರೆ ಇಲ್ಲಿ ಎರಡು ಕಡೆಯವರೂ ಸೇರಿ ಜಗಳ ಶುರು ಮಾಡ್ತಾರೆ, ನನ್ನ ಪ್ರಶ್ನೆ ಬಿದ್ದಲ್ಲೇ ಬಿದ್ದಿರುತ್ತೆ. ಮುಂದಿನ ವಿಧಾನಸಭೆ ಚುನಾವಣೆಗೆ ಟಿಕೆಟ್ ಕೇಳುತ್ತಿರುವವರಲ್ಲಿ ಒಬ್ಬರು, ಅಷ್ಟು ಸಾಕು. ಚುನಾವಣೆ ಇರೋದು 2028ಕ್ಕೆ. ಈಗಲೇ ಮದುವೆ ಮನೆ, ಸಾವಿನ ಮನೆ, ದೇವಸ್ಥಾನ ಅಂತ ಎಲ್ಲ ಕಡೆ ಹಾಜರಿ. ನಮ್ಮ ಕಡೆಯ ಸೊಸೈಟಿ ಹಾಲ್‌ನಲ್ಲಿ "ಜನರ ಸಮಸ್ಯೆ ಕೇಳ್ತೀವಿ" ಅಂತ ಸಭೆ ಕರೆದಿದ್ದರು. ಕರೆದಿದ್ದು ಅವರೇ, ನಾನು ಅವರ ಮನೆ ಬಾಗಿಲಿಗೆ ಹೋಗಿದ್ದಲ್ಲ.

ಹೋಗದೆ ಇನ್ನೆಲ್ಲಿ ಕೇಳಬೇಕು? ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಕೇಳೋಕೆ ಒಬ್ಬ ಸದಸ್ಯ ಇಲ್ಲ.

ಮೈಕ್ ಕೈಗೆ ಬಂದಾಗ ನಾನು ನಿಂತು ಕೇಳಿದೆ. "ಸರ್, ನಮ್ಮದು ಮುಳುಗಡೆ ಕುಟುಂಬ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟೋವಾಗ ನಮ್ಮನ್ನು ಇಲ್ಲಿಗೆ ತಂದು ಬಿಟ್ಟರು. ಜಮೀನಿಗೆ ಇವತ್ತಿಗೂ ಹಕ್ಕುಪತ್ರ ಇಲ್ಲ, ಅರಣ್ಯ ಇಲಾಖೆಯವರು ಒತ್ತುವರಿ ಅಂತಾರೆ. ನೀವು ಗೆದ್ದರೆ ಏನು ಮಾಡ್ತೀರಿ, ಅದನ್ನು ಬಾಯಲ್ಲಲ್ಲ, ಬರೆದು ಕೊಡ್ತೀರಾ?" ಇಷ್ಟೇ ಕೇಳಿದ್ದು. ದನಿ ಏರಿಸಲಿಲ್ಲ. ಕಾಗದ ನೋಡಿಕೊಂಡೇ ಹೇಳಿದೆ, ಸರ್ವೆ ನಂಬರ್ ತಪ್ಪಬಾರದು ಅಂತ.

ಅವರು ಮೊದಲು ನಮ್ಮ ಯಜಮಾನರು ಎಲ್ಲಿ ಅಂತ ಕೇಳಿದರು. ತೋಟದಲ್ಲಿದ್ದಾರೆ, ಔಷಧಿ ಹೊಡೆಸ್ತಿದ್ದಾರೆ ಅಂದೆ. "ಓ, ಹಾಗಾ" ಅಂತ ಪಕ್ಕದವರ ಮುಖ ನೋಡಿದರು. ಆಮೇಲೆ ಯಾವ ಊರು ಅಂತ ಕೇಳಿದರು. ಹೇಳಿದೆ. ಅವರಿಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದವರೊಬ್ಬರು ಬಗ್ಗಿ ಕಿವಿಯಲ್ಲಿ ಏನೋ ಹೇಳಿದರು. ಆಗ ಬಂತು ಆ ಮಾತು, ನಗುತ್ತಾ, ಮೈಕಿನಲ್ಲಿ. "ನಿಮ್ಮೂರಲ್ಲಿ ಎಷ್ಟು ವೋಟಿದೆಯಮ್ಮಾ?"

ನಾನು ಹೇಳಿಬಿಟ್ಟೆ. ತೊಂಬತ್ತು ಚಿಲ್ಲರೆ ಅಂತ. ಕೇಳಿದ್ದಕ್ಕೆ ಉತ್ತರ ಕೊಡೋದು ನಮ್ಮ ಮನೆಯಲ್ಲಿ ಕಲಿಸಿದ ರೀತಿ. ಅವರು ಹಿಂದೆ ತಿರುಗಿ "ಬರ್ಕೊಳ್ರೋ, ತೊಂಬತ್ತು" ಅಂದರು. ಇಡೀ ಹಾಲ್ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸರೂ ನಕ್ಕರು. ಅವರಲ್ಲಿ ಇಬ್ಬರು ನಮ್ಮ ಹಾಗೇ ಮುಳುಗಡೆಯವರು, ಅವರ ತೋಟಕ್ಕೂ ಪಹಣಿ ಇಲ್ಲ! "ಲೀಡ್ ಕೊಡಿಸಿ, ಆಮೇಲೆ ಕೂತು ಮಾತಾಡೋಣ" ಅಂದವರೇ ಮುಂದಿನವರ ಕಡೆ ಕೈ ತೋರಿಸಿದರು. ನಾನಿನ್ನೂ ನಿಂತೇ ಇದ್ದೆ. ನನ್ನ ಕೈಯಿಂದ ಮೈಕ್ ತಗೊಂಡ ಹುಡುಗ ನಮ್ಮ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದವನು. ಹೊರಗೆ ಬಂದಾಗ "ಅಕ್ಕಾ, ಬೇಜಾರ್ ಮಾಡ್ಕೋಬೇಡಿ, ಅವರು ತಮಾಷೆಗೆ ಹೇಳಿದ್ದು" ಅಂದ.

ಯಾವುದು ತಮಾಷೆ?

ನಮ್ಮತ್ತೆ ಆಗ ಚಿಕ್ಕ ಹುಡುಗಿ. ಪಾತ್ರೆ, ಕರು, ಅಜ್ಜಿ ಎಲ್ಲ ಒಂದೇ ಲಾರಿಯಲ್ಲಿ ತುಂಬಿಕೊಂಡು ಬಂದು ಕಾಡಿನ ಮಧ್ಯೆ ಇಳಿಸಿದರು ಅಂತ ಈಗಲೂ ಹೇಳ್ತಾರೆ. 1964ರಲ್ಲಿ ಅಣೆಕಟ್ಟು ಮುಗಿಯಿತು. ಅವರ ಗದ್ದೆ, ಮನೆ, ದೇವರ ಬನ ಎಲ್ಲ ನೀರೊಳಗೆ ಹೋಯಿತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಆ ಕರೆಂಟಲ್ಲಿ ಎಷ್ಟೋ ವರ್ಷ ಇಡೀ ರಾಜ್ಯ ಬೆಳಗಿತು. ಆಗ ಯಾರೂ ನಮ್ಮನ್ನು ನಿಮ್ಮೂರಲ್ಲಿ ಎಷ್ಟು ವೋಟಿದೆ ಅಂತ ಕೇಳಲಿಲ್ಲ. ಏಳಿ ಅಂದರು, ಎದ್ದೆವು.

ಈಗ ಕಾನೂನು ಹೇಳ್ತಾರೆ. 1980ರ ಅರಣ್ಯ ಸಂರಕ್ಷಣೆ ಕಾಯ್ದೆ ಪ್ರಕಾರ ಕೇಂದ್ರದ ಅನುಮತಿ ಬೇಕು. ಸರಿ. ನಮ್ಮನ್ನು ತಂದು ಬಿಟ್ಟಿದ್ದು ಆ ಕಾಯ್ದೆ ಬರುವ ಎಷ್ಟೋ ಮೊದಲು, ಬಿಟ್ಟಿದ್ದು ಸರ್ಕಾರವೇ. ಕಾಗದ ಸರಿ ಮಾಡಿಕೊಡದೆ ಕೂತಿದ್ದು ಯಾರು? ಆಮೇಲೆ ರಾಜ್ಯ ಸರ್ಕಾರ ಡಿನೋಟಿಫೈ ಮಾಡಿತು, ಕೇಂದ್ರವನ್ನು ಕೇಳದೆ ಮಾಡಿತು, 2021ರಲ್ಲಿ ಹೈಕೋರ್ಟಿನಲ್ಲಿ ಅದು ಬಿದ್ದುಹೋಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ ಅಂತಾರೆ. ಅದರಲ್ಲಿ ನಮ್ಮಂಥವರು, ಅಂದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು, ಮೂರು ತಲೆಮಾರು, 75 ವರ್ಷ ಅಲ್ಲೇ ಇದ್ದೆವು ಅಂತ ತೋರಿಸಬೇಕು. ಅದೂ 2005ರ ಡಿಸೆಂಬರ್‌ಗೆ ಮೊದಲಿನ 75 ವರ್ಷ. ಲೆಕ್ಕ ಹಾಕಿ. 1930ರಲ್ಲಿ ನಮ್ಮವರು ಎಲ್ಲಿದ್ದರು? ಈಗ ಹಿನ್ನೀರು ಇರುವ ಜಾಗದಲ್ಲಿ. ಅಲ್ಲಿಂದ ಎಬ್ಬಿಸಿದವರೇ ಇಲ್ಲಿಗೆ ಬಂದು, ಇಲ್ಲಿ 75 ವರ್ಷ ಇದ್ದಿದ್ದಕ್ಕೆ ದಾಖಲೆ ಕೊಡಿ ಅಂತಾರಲ್ಲ, ಇವರಿಗೆ ಮನಸ್ಸಾದರೂ ಹೇಗೆ ಬರುತ್ತೆ?

ಪಹಣಿ ಇಲ್ಲ ಅಂದರೆ ಏನು ಅಂತ ಪೇಟೆಯವರಿಗೆ ಗೊತ್ತಾಗಲ್ಲ. ಬೆಳೆ ಸಾಲ ಇಲ್ಲ. ಬೆಳೆ ವಿಮೆ ಇಲ್ಲ. ಕೊಳೆ ರೋಗ ಬಂದು ಅಡಿಕೆ ಉದುರಿದರೂ ಎಲೆಚುಕ್ಕೆ ಬಂದು ತೋಟ ಒಣಗಿದರೂ ಪರಿಹಾರದ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ಅಣ್ಣ ತಮ್ಮ ಪಾಲು ಮಾಡಿಕೊಳ್ಳೋಕೂ ಆಗಲ್ಲ.

ಕೇಂದ್ರದ ಅನುಮತಿ ಕಷ್ಟ ಅಂತ ಮಾತ್ರ ನನಗೆ ಯಾರೂ ಹೇಳಬೇಡಿ. ಅದೇ ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ (ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು ಬೇಕಾದಾಗ ಕರೆಂಟ್ ತೆಗೆಯೋದು) ಮಾಡ್ತೀವಿ ಅಂತ ಹೊರಟಾಗ ಅರಣ್ಯ ಭೂಮಿಗೆ ಅನುಮತಿ ಕೇಳಿ ಕಡತ ಬೆಂಗಳೂರಿನಿಂದ ದೆಹಲಿಗೆ ಹೋಗುತ್ತೆ. ಅದಕ್ಕೆ ದಾರಿ ಗೊತ್ತಿದೆ. ನಮ್ಮ ಕಡತಕ್ಕೆ ಮಾತ್ರ ಗೊತ್ತಿಲ್ಲವಾ? ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಆಗೋದೇ ಇಲ್ಲ ಅಂತಿದ್ದರು, 2025ರ ಜುಲೈನಲ್ಲಿ ಉದ್ಘಾಟನೆ ಆಯಿತು. ತುಮರಿ ಕಡೆಯವರು ಈಗ ಲಾಂಚ್‌ಗೆ ಕಾಯದೆ ಓಡಾಡ್ತಾರೆ. ಮಾಡಬೇಕು ಅನ್ನಿಸಿದರೆ ಆಗುತ್ತೆ.

ಮಾಡಬೇಕು ಅನ್ನಿಸೋದೇ ಇಲ್ಲ, ಅದೇ ವಿಷಯ. ನಾವು ಯಾರಿಗೆ ವೋಟ್ ಹಾಕಿಲ್ಲ? 2013ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಏಳು ಸೀಟಲ್ಲಿ ಕಾಂಗ್ರೆಸ್‌ಗೆ ಮೂರು, ಜೆಡಿಎಸ್‌ಗೆ ಮೂರು, ಯಡಿಯೂರಪ್ಪನವರು ಆಗ ಕಟ್ಟಿದ್ದ ಕೆಜೆಪಿಗೆ ಒಂದು. 2018ರಲ್ಲಿ ಬಿಜೆಪಿಗೆ ಆರು. 2023ರಲ್ಲಿ ಕಾಂಗ್ರೆಸ್ ಮೂರು, ಬಿಜೆಪಿ ಮೂರು, ಜೆಡಿಎಸ್ ಒಂದು. ರಾಜ್ಯದಲ್ಲಿ 1985ರ ಮೇಲೆ ಯಾವ ಸರ್ಕಾರವನ್ನೂ ಜನ ಮರಳಿ ಆರಿಸಿಲ್ಲ. ನಾವೂ ಬದಲಾಯಿಸುತ್ತೇವೆ, ಅವರೂ ಬದಲಾಗುತ್ತಾರೆ. ಒಮ್ಮೆ ಒಂದು ಪಕ್ಷದಿಂದ ಗೆದ್ದವರು ಇನ್ನೊಮ್ಮೆ ಎದುರಿನ ಪಕ್ಷದಿಂದ ಬಂದು ಕೈ ಮುಗಿಯುತ್ತಾರೆ. ಸೊರಬದಲ್ಲಿ ಅಣ್ಣ ತಮ್ಮನೇ ಎದುರುಬದುರು ನಿಂತಿದ್ದನ್ನು ನೋಡಿದ್ದೇವೆ. ಕಡಿದಾಳು ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ, ನಾಲ್ಕು ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ ಅಂತ ಎಲ್ಲರೂ ಭಾಷಣದಲ್ಲಿ ಹೇಳ್ತಾರೆ. 2022ರ ನವೆಂಬರ್‌ನಲ್ಲಿ, ಚುನಾವಣೆಗೆ ಆರು ತಿಂಗಳಿದೆ ಅನ್ನುವಾಗ, ಮುಳುಗಡೆಯವರ ಹೆಸರಲ್ಲೇ ಕಾಂಗ್ರೆಸ್‌ನವರು ಆಯನೂರಿನಿಂದ ಶಿವಮೊಗ್ಗಕ್ಕೆ ಪಾದಯಾತ್ರೆ ಮಾಡಿದರು. ಆಗ ಅಧಿಕಾರದಲ್ಲಿದ್ದ ಬಿಜೆಪಿಯವರೂ ನಾವೇ ಬಗೆಹರಿಸ್ತೀವಿ ಅಂದರು. ಚುನಾವಣೆ ಮುಗಿಯಿತು, ಸರ್ಕಾರ ಬದಲಾಯಿತು. ನಮ್ಮ ಮನೆಯಲ್ಲಿ ಹಕ್ಕುಪತ್ರ ಇಡೋಕೆ ಅಂತ ಮಾವ ಮಾಡಿಸಿಟ್ಟ ತಗಡಿನ ಪೆಟ್ಟಿಗೆಯಲ್ಲಿ ಈಗ ಬರೀ ಅರ್ಜಿ ನಕಲುಗಳಿವೆ.

ಈ ಸಲ ಯಾರಿಗೂ ಹಾಕಲ್ಲ ಅಂತ ತೀರ್ಮಾನ ಮಾಡಿಕೊಂಡೇ ಮನೆಗೆ ಬಂದೆ. ನೋಟಾ ಒತ್ತಿ ಬರ್ತೀನಿ ಅಂದುಕೊಂಡೆ. ಏನು ಕೇಳಿದರೂ ಅಷ್ಟೇ, ಬಿಡು, ಅವರು ಇರೋದೇ ಹಾಗೆ ಅಂತ ನಮ್ಮ ಯಜಮಾನರೂ ಹೇಳಿದರು. ಅತ್ತೆ ಮಾತ್ರ ಏನಂದರು, ಏನಂದರು ಅಂತ ಕೇಳುತ್ತಲೇ ಇದ್ದರು. ಅವರಿಗೆ ಏನಂತ ಹೇಳಲಿ?

ಆದರೆ ಬಿಡೋಕೆ ಆಗಲ್ಲ. ಯಾಕೆ ಬಿಡಬೇಕು? 1951ರಲ್ಲಿ ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಉಳುವ ನೆಲಕ್ಕಾಗಿ ಎದ್ದು ನಿಂತರು. ಆ ಊರಲ್ಲಿ ಎಷ್ಟು ವೋಟಿತ್ತು? ಜೈಲಿಗೆ ಹೋದರು, ಹಿಂದೆ ಸರಿಯಲಿಲ್ಲ. ಮರುವರ್ಷವೇ ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷದಿಂದ ಗೆದ್ದು ವಿಧಾನಸಭೆಗೆ ಹೋದರು. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣೆ ಕಾನೂನಿನ ತಿದ್ದುಪಡಿ ಜಾರಿಗೆ ತಂದಾಗ ಅದರ ಹಿಂದೆ ಆ ಸಣ್ಣ ಊರಿನವರ ಕೂಗೂ ಇತ್ತು. ಲೀಡ್ ಕೊಡಿಸಿ ಆಮೇಲೆ ಕೇಳ್ತೀವಿ ಅಂತ ಅವರು ಕೂತಿದ್ದರೆ ಇವತ್ತಿಗೂ ಗೇಣಿ ಅಳೆಯುತ್ತಾ ಇರಬೇಕಿತ್ತು.

ನೋಟಾ ಒತ್ತಲ್ಲ. ವೋಟ್ ಹಾಕೇ ಹಾಕ್ತೀನಿ. ಆದರೆ ಅದಕ್ಕೆ ಮೊದಲು ಉತ್ತರ ಬೇಕು. ಆ ಸಭೆ ಕರೆದವರೇ ಕೊಡಲಿ, ಅವರ ಎದುರು ಟಿಕೆಟ್ ಕೇಳುತ್ತಿರುವವರು ಕೊಡಲಿ, ಈಗ ಕುರ್ಚಿಯಲ್ಲಿ ಇರುವವರು ಕೊಡಲಿ, ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡೋರು ಇದನ್ನು ಓದುತ್ತಿದ್ದರೆ ಅವರಾದರೂ ಕೊಡಲಿ. ನಮ್ಮ ಭಾಗದ ಯಾವ ಯಾವ ಸರ್ವೆ ನಂಬರ್ ಕೇಂದ್ರಕ್ಕೆ ಹೋಗಿದೆ? ಕಂದಾಯ, ಅರಣ್ಯ ಇಲಾಖೆ ಸೇರಿ ಮಾಡೋ ಜಂಟಿ ಸರ್ವೆ ಎಲ್ಲಿಗೆ ಬಂತು? ಬಿಟ್ಟುಹೋದ ಮನೆಗಳನ್ನು ಸೇರಿಸೋಕೆ ಯಾರ ಹತ್ತಿರ ಅರ್ಜಿ ಕೊಡಬೇಕು? ಅವತ್ತು ಹಾಲ್‌ನಲ್ಲಿ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದವರು ಇದ್ದರು, ನಾನು ಕೇಳಿದ ಭಾಗ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ. ಮುಂದಿನ ಸಭೆ ಎಲ್ಲಿ, ಯಾವತ್ತು ಅಂತಲೂ ತಿಳಿಸಿ. ನಮ್ಮತ್ತೆಯೂ ಬರ್ತಾರಂತೆ.