ಸರ್ಫಿಂಗ್‌ಗೆ ಸುಸ್ವಾಗತ, ನೀರಿಗೆ ಇಳಿಯಬೇಡಿ

ಮೂಲ್ಕಿ ಆಸುಪಾಸಿನ ಒಂದು ಬೀಚಿನಲ್ಲಿ ಎರಡು ಬೋರ್ಡುಗಳು ಅಕ್ಕಪಕ್ಕ ನಿಂತಿವೆ. ಒಂದರಲ್ಲಿ ಅಲೆ ಮೇಲೆ ಹಲ್ಲು ಕಿರಿದು ನಿಂತ ಹುಡುಗ, ಕೆಳಗೆ 'ಸರ್ಫಿಂಗ್ ತಾಣಕ್ಕೆ ಸುಸ್ವಾಗತ'. ಇನ್ನೊಂದರಲ್ಲಿ ಕೆಂಪಕ್ಷರ: 'ಸಮುದ್ರಕ್ಕೆ ಇಳಿಯುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ'. ಬರೆದ ಪೇಂಟರ್ ಒಬ್ಬನೇ ಇರಬೇಕು, ಅಕ್ಷರ ನೋಡಿದರೆ ಗೊತ್ತಾಗುತ್ತದೆ. ಪಾಪ, ಅವನಿಗೂ ನಗು ಬಂದಿರಬಹುದು.

ಹಾಗಾದರೆ ಸರ್ಫಿಂಗ್ ಮಾಡುವುದೆಲ್ಲಿ? ಮರಳಲ್ಲಿ. ತಮಾಷೆಯಲ್ಲ, ಮೊದಲ ಪಾಠ ನಿಜಕ್ಕೂ ಮರಳಿನ ಮೇಲೆಯೇ. ಸರ್ಫ್ ಬೋರ್ಡು, ಅಂದರೆ ಅಲೆ ಮೇಲೆ ನಿಲ್ಲುವ ಹಲಗೆ, ಅದರ ಮೇಲೆ ಬೋರಲು ಮಲಗಬೇಕು, ಎರಡೂ ಕೈಯಲ್ಲಿ ಗಾಳಿ ಹುಟ್ಟು ಹಾಕಬೇಕು, ಮೇಷ್ಟ್ರು ಕೂಗಿದ ಕೂಡಲೇ ಚಂಗನೆ ಎದ್ದು ನಿಲ್ಲಬೇಕು. ಪಾಠ ಅಲ್ಲಿಗೇ ಮುಗಿದುಬಿಟ್ಟರೆ ಎಲ್ಲ ಇಲಾಖೆಗಳಿಗೂ ನೆಮ್ಮದಿ.

ಅಮೆರಿಕದಿಂದ ಬಂದ ಸ್ವಾಮಿ ಜಾಕ್ ಹೆಬ್ನರ್ 2004ರಲ್ಲಿ ಮೂಲ್ಕಿಯಲ್ಲಿ ಸರ್ಫಿಂಗ್ ಕ್ಲಬ್ ಶುರು ಮಾಡಿದಾಗ ಯಾರೂ ನಿಷೇಧದ ಬೋರ್ಡು ನೆಟ್ಟಿರಲಿಲ್ಲ. ಆಮೇಲೆ 2016ರ ಮೇ ಕೊನೆಯಲ್ಲಿ ಪಕ್ಕದ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆಯಿತು. ಮೇ ಕೊನೆಯೇ ಯಾಕೆ? ಮಳೆಗಾಲಕ್ಕೆ ಮುಂಚೆ ಕಡಲು ಎದ್ದು ಸ್ಪರ್ಧೆಗೆ ಬೇಕಾದ ಅಲೆ ಬರುವುದು ಆಗಲೇ. ಯಾರೂ ನೀರಿಗೆ ಇಳಿಯದಂತೆ ಬೀಚಿಗೆ ಹಗ್ಗ ಕಟ್ಟುವವರು ಕಾಯುವುದೂ ಅದೇ ಅಲೆಗೆ. ವೇದಿಕೆಯ ಮೇಲೆ ಕೂತು ನೋಡಿದರೆ ಅದು ಪ್ರವಾಸೋದ್ಯಮ, ಕೆಳಗೆ ಚಡ್ಡಿ ಹಾಕಿಕೊಂಡು ನೋಡಿದರೆ ಅಪರಾಧ.

ಜೂನ್‌ನಲ್ಲಿ ಘಟ್ಟದ ಮೇಲಿಂದ ಬಂದು, ಒಂದೆರಡು ಬಿಯರ್ ಏರಿಸಿ, ಜೀನ್ಸ್ ಪ್ಯಾಂಟಿನಲ್ಲೇ ನೀರಿಗೆ ಹಾರುವವರನ್ನು ತಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಡೆಯುವ ರೀತಿ ನೋಡಿ. ನಾವು ನೊರೆ ಅಲೆಯಲ್ಲಿ, ಸೊಂಟದಷ್ಟು ನೀರಿನಲ್ಲಿ, ಕಾಲಿಗೆ ಬೋರ್ಡಿನ ಬಳ್ಳಿ ಕಟ್ಟಿಕೊಂಡು ಬೀಳುತ್ತಾ ಏಳುತ್ತಾ ಇದ್ದೆವು. ದಡದಿಂದ ಸೀಟಿ. ಹೋಮ್‌ಗಾರ್ಡ್ ಕೈ ಬೀಸಿ ಕೂಗಿದರು, "ಇಲ್ಲಿ ಅಲೆ ಜೋರುಂಟು, ಅಲ್ಲಿ ಹೋಗಿ, ಅಲ್ಲಿ ಅಲೆ ಇಲ್ಲ!" ಅವರು ತೋರಿಸಿದ ಜಾಗದಲ್ಲಿ ನಿಜವಾಗಿಯೂ ಅಲೆ ಇರಲಿಲ್ಲ. ಎರಡು ನೊರೆಸಾಲುಗಳ ನಡುವೆ ಒಂದು ಪಟ್ಟಿ ನೀರು, ಸ್ವಲ್ಪ ಕಪ್ಪಗೆ, ಕೆರೆ ಥರ ಶಾಂತ. ಕಲಿಸುವ ಹುಡುಗ ತಲೆ ಚಚ್ಚಿಕೊಂಡ. ಯಾಕೆಂದರೆ ದಡಕ್ಕೆ ಬಂದ ನೀರೆಲ್ಲ ವಾಪಸ್ ಕಡಲಿಗೆ ಓಡುವ ದಾರಿ ಅದು. ಸೆಳೆತ. ಸೊಂಟಮಟ್ಟದ ನೊರೆ ಅಲೆ ನಿಮ್ಮನ್ನು ದಡಕ್ಕೇ ತಂದು ಎಸೆಯುತ್ತದೆ, ಆ ಶಾಂತ ನೀರು ಎಳೆದುಕೊಂಡು ಹೋಗುತ್ತದೆ. ಸೀಟಿ ಕೊಟ್ಟ ಸರ್ಕಾರ ಇಷ್ಟು ಹೇಳಿಕೊಡಲು ಮರೆತಿದೆ.

ಇನ್ನು ಕಡಲ್ಕೊರೆತದ ಕಲ್ಲು. ಮಳೆಗಾಲ ಬಂತೆಂದರೆ ಟಿಪ್ಪರ್‌ಗಳಲ್ಲಿ ಬಂಡೆ ಬರುತ್ತದೆ, ದಡದಲ್ಲಿ ಸುರಿಯುತ್ತಾರೆ, ಕಡಲು ನುಂಗುತ್ತದೆ, ಬಿಲ್ ಪಾಸಾಗುತ್ತದೆ, ಮುಂದಿನ ವರ್ಷ ಮತ್ತೆ ಬಂಡೆ. ಇಷ್ಟು ನಿಯತ್ತಾಗಿ ಬರುವ ಅಲೆಯನ್ನು ಸರ್ಫರ್‌ಗಳು ಕನಸಲ್ಲೂ ಕಂಡಿಲ್ಲ.

ಇದೆಲ್ಲದರ ನಡುವೆ ತಲೆ ನೆಟ್ಟಗಿರುವುದು ನಾವು ಉಳಿದುಕೊಂಡ ಹೋಮ್‌ಸ್ಟೇ ಅಕ್ಕನಿಗೆ ಮಾತ್ರ. ಬೆಳಿಗ್ಗೆ ಅಂಗಳದಲ್ಲಿ ನಿಂತು ಕಡಲಿನ ಸದ್ದು ಕೇಳಿ, "ಇವತ್ತು ಹತ್ತು ಗಂಟೆ ಮೇಲೆ ಗಾಳಿ ಬರ್ತದೆ, ಬೇಗ ಹೋಗಿ ಬನ್ನಿ" ಅನ್ನುತ್ತಾರೆ. ಹಾಗೇ ಆಗುತ್ತದೆ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ. ಸಾಕು ಅಂದರೆ ಕೇಳುವುದಿಲ್ಲ, ಮೈಗೆ ಉಪ್ಪುನೀರು ತಾಗಿದವರಿಗೆ ಹಸಿವು ಜಾಸ್ತಿಯಂತೆ. ಬೋರ್ಡುಗಳನ್ನು ಬಿಸಿಲಿಗೆ ಬಿಡದೆ ಸೌದೆ ಕೊಟ್ಟಿಗೆಯಲ್ಲಿ ಗೋಡೆಗೆ ಒರಗಿಸಿ, ಮೇಲೆ ಹಳೇ ಸೀರೆ ಹೊದಿಸುವವರೂ ಅವರೇ.

ಅತಿಥಿಗಳ ಪುಸ್ತಕದಲ್ಲಿ 'ಬಂದ ಉದ್ದೇಶ' ಅನ್ನುವ ಕಾಲಂ ಇತ್ತು. ನಾನು ಸರ್ಫಿಂಗ್ ಅಂತ ಬರೆಯಲು ಹೊರಟೆ. ಅಕ್ಕ ಪೆನ್ನು ಕಿತ್ತುಕೊಂಡರು.

"ಬಪ್ಪನಾಡು ದೇವಸ್ಥಾನ ಅಂತ ಬರೀರಿ ಮಾರಾಯ್ರೆ. ಚೆಕ್ಕಿಂಗಿಗೆ ಬಂದ್ರೆ ನೂರು ಪ್ರಶ್ನೆ ಕೇಳ್ತಾರೆ."

"ಕೊಟ್ಟಿಗೆಯಲ್ಲಿ ಬೋರ್ಡು ನೋಡಿದ್ರೆ?"

"ಇಸ್ತ್ರಿ ಮೇಜು ಅಂತ ಹೇಳ್ತೇನೆ. ಕಳೆದ ಸಲ ಬಂದವರು ನಂಬಿ ಹೋಗಿದ್ದಾರೆ."