‘ಐ ಸೆವೆನ್’ ಎಂದರೆ ಸಾಲದು, ಮುಂದಿನ ಅಂಕಿ ಹೇಳಿ

ಶಿರಸಿಯ ಅಂಗಡಿಯೊಂದರಿಂದ ಈಗಷ್ಟೇ ಮನೆಗೆ ಬಂದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲವಾದ್ದರಿಂದ ಬರಹ ತುಸು ಖಾರವಾದರೆ ಮಿತ್ರರು ಸಹಿಸಿಕೊಳ್ಳಬೇಕು. ಸಿದ್ದಾಪುರದ ಕಡೆಯ ನಮ್ಮ ಭಾವ, ತಮ್ಮ ಮಗನ ಓದಿಗೆಂದು ಹಳೆಯ ಕಂಪ್ಯೂಟರೊಂದನ್ನು ಕೊಳ್ಳಲು ಬಂದಿದ್ದರು, ಜೊತೆಗೆ ನನ್ನನ್ನೂ ಕರೆದೊಯ್ದರು. ಲೆಕ್ಕವೆಲ್ಲ ನಡೆಸುವ ಮುಖ್ಯ ಚಿಪ್, ಅಂದರೆ ಪ್ರೊಸೆಸರ್ ಯಾವುದೆಂದು ನಾನು ಕೇಳಿದೆ. “ಐ ಸೆವೆನ್ ಸರ್, ಟಾಪ್ ಮಾಡೆಲ್” ಎಂಬ ಉತ್ತರ ಬಂತು. ಐ ಸೆವೆನ್ ಆದಮೇಲೆ ಏನು ಎಂದು ಕೇಳಿದೆ. “ಐ ಸೆವೆನ್ ಅಂದ್ರೆ ಐ ಸೆವೆನ್ನೇ ಸರ್” ಎಂದು ಅಂಗಡಿಯವರು ನಕ್ಕರು. ಭಾವನೂ ನಕ್ಕರು. ನಾನು ನಗಲಿಲ್ಲ.

ಇಂಟೆಲ್ ಕಂಪನಿ ‘ಐ7’ ಎಂಬ ಹೆಸರಿನ ಪ್ರೊಸೆಸರುಗಳನ್ನು 2008ರಿಂದ ಮಾರಿದೆ. ಅಷ್ಟು ವರ್ಷಗಳ ಸರಕಿಗೆಲ್ಲ ಒಂದೇ ಹೆಸರಿರುವಾಗ ಆ ಹೆಸರೊಂದನ್ನೇ ಹೇಳಿದರೆ ಏನನ್ನೂ ಹೇಳಿದಂತಾಗಲಿಲ್ಲ. ಜಾತಕವೆಲ್ಲ ಇರುವುದು ಅಡ್ಡಗೆರೆಯ ಮುಂದಿನ ಅಂಕಿಯಲ್ಲಿ. ಐ7-3770 ಎಂದಿದ್ದರೆ ಅದು ಮೂರನೆಯ ತಲೆಮಾರಿನದು, 2012ರಲ್ಲಿ ಮಾರುಕಟ್ಟೆಗೆ ಬಂದದ್ದು. ಐ3-12100 ಎಂದಿದ್ದರೆ ಹನ್ನೆರಡನೆಯ ತಲೆಮಾರು, 2022ರದು. ಎರಡರಲ್ಲೂ ಕೋರುಗಳು, ಅಂದರೆ ಒಳಗಿನ ಗಣಕ ಘಟಕಗಳು, ನಾಲ್ಕೇ. ಆದರೂ ಆ ‘ಬಡ’ ಐ3 ಈ ‘ಶ್ರೀಮಂತ’ ಐ7 ಅನ್ನು ಸಲೀಸಾಗಿ ಹಿಂದಿಕ್ಕುತ್ತದೆ. ಡಬ್ಬಿಯ ಮೇಲಿನ ಸ್ಟಿಕ್ಕರ್ ನೋಡಿ ದುಡ್ಡು ಎಣಿಸುವವರಿಗೆ ಇದನ್ನು ಯಾರು ಹೇಳಬೇಕು?

ಅಂಗಡಿಯವರು ಹೇಳುವವರೆಗೆ ಕಾಯಬೇಕಾಗಿಯೂ ಇಲ್ಲ. ವಿಂಡೋಸ್ ಕೀಲಿ ಮತ್ತು ಆರ್ ಕೀಲಿಯನ್ನು ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಸಣ್ಣ ಚೌಕದಲ್ಲಿ ‘ಎಂಎಸ್‌ಇನ್ಫೋ32’ (msinfo32) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿದರೆ, ಪ್ರೊಸೆಸರಿನ ಪೂರ್ಣ ಹೆಸರು, ಮದರ್‌ಬೋರ್ಡಿನ ಮಾದರಿ, ಒಳಗಿರುವ ತಾತ್ಕಾಲಿಕ ಸ್ಮೃತಿ, ಅಂದರೆ ರ‍್ಯಾಮ್ ಎಷ್ಟು ಎಂಬುದೆಲ್ಲ ಒಂದೇ ಪುಟದಲ್ಲಿ ಬರುತ್ತದೆ. ಅಲ್ಲಿ ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶವಾದ ಬಯೋಸ್‌ನ ದಿನಾಂಕವೆಂಬ ಒಂದು ಸಾಲಿದೆ. ಯಾರೂ ಅದನ್ನು ನೋಡುವುದಿಲ್ಲ, ನಾನು ಮೊದಲು ನೋಡುವುದೇ ಅದನ್ನು. ಯಂತ್ರದ ವಯಸ್ಸಿನ ಅಂದಾಜು ಅಲ್ಲಿ ಸಿಗುತ್ತದೆ. ನಡುವೆ ಬಯೋಸ್ ಅಪ್‌ಡೇಟ್ ಮಾಡಿದ್ದರೆ ಯಂತ್ರ ಆ ದಿನಾಂಕಕ್ಕಿಂತಲೂ ಹಳೆಯದಿರಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ರ‍್ಯಾಮಿನ ವೇಗವೂ, ಎಷ್ಟು ಸ್ಲಾಟುಗಳಲ್ಲಿ ಎಷ್ಟು ತುಂಬಿವೆಯೆಂಬುದೂ, ಡಿಸ್ಕು ಎಸ್‌ಎಸ್‌ಡಿಯೋ ಹಳೆಯ ತಿರುಗುವ ಹಾರ್ಡ್ ಡಿಸ್ಕೋ ಎಂಬುದೂ ಕಾಣುತ್ತದೆ. ಸ್ಲಾಟ್ ಖಾಲಿಯಿದೆಯೆಂದು ಯಾವುದೋ ರ‍್ಯಾಮ್ ತಂದರೂ ಆಗದು: ಡಿಡಿಆರ್3 ಎಂಬ ಹಳೆಯ ಬಗೆಯ ಕಡ್ಡಿ ಡಿಡಿಆರ್4 ಎಂಬ ನಂತರದ ಬಗೆಯ ಸ್ಲಾಟಿನಲ್ಲಿ ಕೂರುವುದಿಲ್ಲ, ಎರಡರ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಬಳಸುವವರಿಗೆ ಪ್ರೊಸೆಸರಿನ ವಿವರಕ್ಕೆ ‘ಎಲ್‌ಎಸ್‌ಸಿಪಿಯು’ (lscpu) ಎಂಬ ಒಂದು ಆದೇಶ ಸಾಕು; ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಅವರೇ ನನಗೆ ಪಾಠ ಹೇಳಲು ಬರುತ್ತಾರೆ.

“ಗಾಡಿ ಓಡಿದರೆ ಸಾಕು, ಇಂಜಿನ್ನಿನ ಉಸಾಬರಿ ನಮಗೇಕೆ” ಎಂದು ದಾರಿಯಲ್ಲಿ ಭಾವ ವಾದಿಸಿದರು. ಕೇಳಲು ಸರಿಯೇ ಅನ್ನಿಸುತ್ತದೆ. ಆದರೆ ಹೀಗೆ ಹೇಳುವ ಇದೇ ಭಾವ, ವ್ಯಾಪಾರಿಯೊಬ್ಬ ತಮ್ಮ ಒಳ್ಳೆಯ ಚಾಲಿ ಅಡಿಕೆಯನ್ನು ಕಡಿಮೆ ದರ್ಜೆಯ ಬಿಳಿಗೋಟು ಎಂದು ಕರೆದರೆ ಸಂತೆಯ ನಡುವೆಯೇ ಜಗಳಕ್ಕೆ ನಿಲ್ಲುವವರು. ಅಡಿಕೆಯನ್ನು ಕತ್ತರಿಸಿ ನೋಡಿ ಹೊಸತೋ ಹಳತೋ ಎಂದು ಹೇಳಬಲ್ಲವರಿಗೆ ಎರಡು ಕೀಲಿ ಒತ್ತುವುದು ಕಷ್ಟವೆಂದರೆ ನಾನು ನಂಬಲಾರೆ. ಹಳೆ ಚಾಲಿಗಾದರೂ ಒಳ್ಳೆಯ ದರವುಂಟು. ಹಳೆ ಪ್ರೊಸೆಸರಿಗೆ ಆ ಭಾಗ್ಯವೂ ಇಲ್ಲ. ನಿಜ ಹೇಳಬೇಕೆಂದರೆ, ಅಂಗಡಿಯವರ ಮೇಲೆ ಬಂದಷ್ಟೇ ಸಿಟ್ಟು ನನಗೆ ಭಾವನ ಮೇಲೂ ಬಂದಿತ್ತು. ಅವರ ಮಗ, ಆ ಮಾಣಿ, ಎದುರಿಗೇ ನಿಂತಿದ್ದರಿಂದ ನುಂಗಿಕೊಂಡೆ.

ಕೊನೆಗೆ ಕೀಬೋರ್ಡನ್ನು ನನ್ನ ಕಡೆಗೆ ಎಳೆದುಕೊಂಡು ನಾನೇ ನೋಡಿದೆ. ಐ7-3770. ಅದರ ಮೇಲೆ ವಿಂಡೋಸ್ 11 ಹಾಕಿ ನಿಲ್ಲಿಸಿದ್ದರು! ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದರ ನಂತರದ್ದೇ ಆಗಬೇಕು ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಬರೆದಿದೆ. ತಪಾಸಣೆಯನ್ನು ತಪ್ಪಿಸಿ ಹಾಕುವ ಉಪಾಯಗಳಿವೆ, ಹಾಕಿದರೆ ನಡೆಯುತ್ತದೆ ಕೂಡ; ಆದರೆ ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಸಿಗುವ ಭರವಸೆಯಿಲ್ಲ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಕಚೇರಿಗಳು ಕೈಬಿಟ್ಟ ಇಂಥ ಡಬ್ಬಿಗಳೇ ಹೊಸ ಬಣ್ಣ ಬಳಿದುಕೊಂಡು ನಮ್ಮೂರಿನ ಅಂಗಡಿಗಳಿಗೆ ಬಂದು ಕೂತರೆ ಆಶ್ಚರ್ಯವಿಲ್ಲ.

ಹಳೆಯದನ್ನು ಮಾರಬಾರದೆಂದು ನಾನು ಹೇಳುತ್ತಿಲ್ಲ. ಲಿನಕ್ಸ್ ಹಾಕಿದರೆ ಆ 3770 ಪತ್ರ ಬರೆಯಲು, ಪಾಠದ ವಿಡಿಯೋ ನೋಡಲು ಇಂದಿಗೂ ಧಾರಾಳವಾಗಿ ಸಾಲುತ್ತದೆ. ಆದರೆ 2012ರ ಸರಕನ್ನು 2012ರ ಸರಕೆಂದು ಹೇಳಿ, ಅದಕ್ಕೆ ತಕ್ಕ ದರಕ್ಕೆ ಮಾರಬೇಕು. ಪ್ರೊಸೆಸರಿನ ಪೂರ್ಣ ಸಂಖ್ಯೆ, ರ‍್ಯಾಮಿನ ಜಾತಿ, ಡಿಸ್ಕಿನ ಜಾತಿ, ಈ ಮೂರನ್ನು ಬಿಲ್ಲಿನಲ್ಲಿ ಬರೆದುಕೊಡಿ ಎಂದು ಕೇಳಿದೆ. “ಅಷ್ಟೆಲ್ಲ ಬರೆಯೋಕೆ ಬಿಲ್ಲಿನಲ್ಲಿ ಜಾಗ ಇಲ್ಲ ಸರ್” ಎಂದರು. ಅಂಗಡಿಯ ಹೆಸರು ಮತ್ತು ಗಣಪತಿಯ ಚಿತ್ರ ಅರ್ಧ ಪುಟ ತುಂಬಿದ್ದ ಆ ಬಿಲ್ ಪುಸ್ತಕವನ್ನು ನಾನೂ ನೋಡಿದೆ, ಭಾವನೂ ನೋಡಿದರು. ದುಡ್ಡಿನ ಚೀಲದ ಜಿಪ್ ಎಳೆದು ಮುಚ್ಚಿದ್ದು ಅವರೇ.