ಕ್ಯಾಂಪ್ ಎತ್ತಿದ ಮೇಲೆ ಬಿಪಿ ನೋಡೋರು ಯಾರು?

ನಮ್ಮ ಕಡೆಯ ಒಂದು ಮೆಡಿಕಲ್ ಕಾಲೇಜು ದೊಡ್ಡದಾಗುತ್ತಿದೆ. ನರ್ಸಿಂಗ್‌ಗೆ ಹೊಸ ಕಟ್ಟಡ, ಲ್ಯಾಬ್ ಟೆಕ್ನಿಶಿಯನ್ ಕೋರ್ಸು, ಫಿಸಿಯೋಥೆರಪಿ, ಜೊತೆಗೆ ಹಳ್ಳಿಗಳಲ್ಲಿ ಉಚಿತ ಆರೋಗ್ಯ ಶಿಬಿರ. ನಮ್ಮೂರ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಕೈ ಮುಗಿಯೋ ಇಮೋಜಿ ಹಾಕಿದ್ದೇ ಹಾಕಿದ್ದು. ನಾನು ಹಾಕಲಿಲ್ಲ. ಹೊಟ್ಟೆಕಿಚ್ಚಾ ಅಂತ ಒಬ್ಬ ಗೆಳೆಯ ಕೇಳಿದ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಇದೇ ಕಾಲೇಜಿನವರು ನಮ್ಮೂರ ಶಾಲೆ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ನಮ್ಮ ದೊಡ್ಡವ್ವನ ಬಿಪಿ ನೋಡಿದರು, ಜಾಸ್ತಿ ಇದೆ ಅಂದರು, ಹದಿನೈದು ದಿನದ ಮಾತ್ರೆ ಕೊಟ್ಟು ಚೀಟಿ ಬರೆದರು. ಸಂಜೆ ಐದಕ್ಕೆ ಶಾಮಿಯಾನ ಬಿಚ್ಚಿದರು. ಮಾತ್ರೆ ಮುಗೀತು, ತಲೆಸುತ್ತೂ ಹೋಗಿತ್ತು, ವಾಸಿಯಾಯ್ತು ಅಂದುಕೊಂಡು ದೊಡ್ಡವ್ವ ಸುಮ್ಮನಾದಳು. ಬಿಪಿ ಮಾತ್ರೆ ಜ್ವರದ ಮಾತ್ರೆ ಥರ ಅಲ್ಲ ಅಂತ ಕೂತು ಹೇಳೋಕೆ ಆ ಗದ್ದಲದಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ. ಆದರೆ ಆವತ್ತು ಬಂದವರ ಲೆಕ್ಕದಲ್ಲಿ ಆಕೆಯ ಹೆಸರು ಸೇರಿದೆ, ಅಲ್ವಾ?

ಕಾಲೇಜು ಹಳ್ಳಿಗೆ ಬಂದರೆ ಏನೂ ಆಗಲ್ಲ ಅಂತ ನಾನು ಹೇಳ್ತಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಮಾಡಿದ ಕೆಲಸ ನೋಡಿ. ಹೆರಿಗೆ ಆದ ಮೇಲೆ ರಕ್ತ ನಿಲ್ಲದೆ ಬಾಣಂತಿಯರು ಸಾಯುವುದು ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದನ್ನು ತಡೆಯೋ ಇಂಜೆಕ್ಷನ್ ಇತ್ತು, ಆದರೆ ಅದನ್ನು ತಣ್ಣಗಿಡಬೇಕು, ಕರೆಂಟೇ ಸರಿಯಾಗಿಲ್ಲದ ಕಡೆ ಹೇಗೆ ಇಡೋದು? ಇವರು ಹೊರದೇಶದ ಸಂಶೋಧಕರ ಜೊತೆ ಸೇರಿ ಮಿಸೊಪ್ರೊಸ್ಟಾಲ್ ಅನ್ನೋ ಮಾತ್ರೆಯನ್ನು ಪರೀಕ್ಷೆಗೆ ತಗೊಂಡರು. ಅದಕ್ಕೆ ಫ್ರಿಜ್ ಬೇಡ, ಸೂಜಿ ಬೇಡ. ಕೊಟ್ಟವರು ದೊಡ್ಡ ಡಾಕ್ಟರಲ್ಲ, ತರಬೇತಿ ಪಡೆದ ಎಎನ್‌ಎಂಗಳು, ಅಂದರೆ ನಮ್ಮ ಉಪಕೇಂದ್ರದ ನರ್ಸಮ್ಮ. 1,620 ಹೆಂಗಸರ ಮೇಲೆ ನಡೆದ ಆ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಾತ್ರೆ ಇಲ್ಲದವರಲ್ಲಿ ನೂರಕ್ಕೆ 12 ಜನಕ್ಕೆ ವಿಪರೀತ ರಕ್ತ ಹೋಗಿತ್ತು, ಮಾತ್ರೆ ತಗೊಂಡವರಲ್ಲಿ ನೂರಕ್ಕೆ ಸುಮಾರು 6 ಜನಕ್ಕೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೂ ಅದೇ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನರ್ಸಮ್ಮನ ಕೈಗೆ ಕೆಲಸ ಕಲಿಸಿ, ಆಮೇಲೂ ಬೆನ್ನು ಬಿಡದೆ ಒಬ್ಬೊಬ್ಬ ಬಾಣಂತಿಯ ಲೆಕ್ಕ ಇಟ್ಟರು ನೋಡಿ, ನಾನು ಕೇಳ್ತಿರೋದು ಅದನ್ನೇ.

ಈಗ ಎಂಬಿಬಿಎಸ್ ಮಕ್ಕಳಿಗೆ ಕುಟುಂಬ ದತ್ತು ಅಂತ ಒಂದು ನಿಯಮ ಇದೆ, 2022ರಲ್ಲಿ ಬಂದಿದ್ದು. ಒಬ್ಬೊಬ್ಬ ವಿದ್ಯಾರ್ಥಿ ಹಳ್ಳಿಯ ಕೆಲವು ಮನೆಗಳನ್ನು ತಗೊಂಡು ಮೂರು ವರ್ಷ ಅವರ ಆರೋಗ್ಯ ನೋಡಿಕೊಳ್ಳಬೇಕು. ಯೋಚನೆ ಬಹಳ ಚೆನ್ನಾಗಿದೆ. ಆದರೆ ಇಟ್ಟ ಸಮಯ ಒಟ್ಟು 78 ಗಂಟೆ, ಗಡಿಯಾರದ ಲೆಕ್ಕದಲ್ಲಿ ಮೂರೂಕಾಲು ದಿನ! ಅದರಲ್ಲೂ ಬಸ್ಸಿನಲ್ಲಿ ಹೋಗಿಬರೋ ಹೊತ್ತು, ಫೋಟೋ ಹೊತ್ತು ಕಳೆಯಿರಿ. ಆ ಹುಡುಗರ ತಪ್ಪಲ್ಲ ಬಿಡಿ, ಅವರ ಕುತ್ತಿಗೆ ಮೇಲೆ ಪರೀಕ್ಷೆ ಕೂತಿರುತ್ತೆ.

ಕಾಲೇಜಿಗೆ ನಿಜವಾಗಲೂ ಬೆಳೀಬೇಕು ಅಂತಿದ್ದರೆ ಹತ್ತು ಹಳ್ಳಿ ಸುತ್ತೋದು ಬೇಡ. ಒಂದೇ ಪಿಎಚ್‌ಸಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರ, ಹಿಡಿಯಲಿ. ಅಲ್ಲಿಯ ಆಶಾ ಅಕ್ಕಂದಿರಿಗೆ ಬಿಪಿ ಮಿಷನ್ ಕೊಟ್ಟು ಕಲಿಸಲಿ, ಯಾರ ಮಾತ್ರೆ ಯಾವಾಗ ಮುಗಿಯುತ್ತೆ ಅಂತ ಒಂದು ಪುಸ್ತಕ ಇಡಲಿ. ನರ್ಸಿಂಗ್ ಹುಡುಗಿಯರು ಪ್ರತಿ ತಿಂಗಳು ಅದೇ ಮನೆಗಳಿಗೆ ಹೋಗಲಿ. ಇದಕ್ಕೆ ಬ್ಯಾನರ್ ಕಟ್ಟೋಕೆ ಬರಲ್ಲ, ಅದೊಂದೇ ತೊಂದರೆ.

ದೊಡ್ಡವ್ವನ ಚೀಟಿ ಇನ್ನೂ ರೇಷನ್ ಕಾರ್ಡಿನ ಕವರಿನಲ್ಲೇ ಇದೆ. ಮುಂದಿನ ತಿಂಗಳು ಪಕ್ಕದೂರಲ್ಲಿ ಅದೇ ಕಾಲೇಜಿನವರ ಕ್ಯಾಂಪ್ ಅಂತೆ. ಚೀಟಿ ತೋರಿಸಿದರೆ ಗುರುತು ಹಿಡೀತಾರಾ ಅಂತ ನಿನ್ನೆ ಕೇಳಿದಳು.